ಹೋದವರು 117, ಪದಕ 6: ಉಳಿದವರು ಸುಮ್ನೆ ಹೋಗಿ ಬಂದರಾ?

ಓದುಗರ ಪ್ರಶ್ನೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ನಮ್ಮ ದೇಶದಿಂದ 117 ಜನ ಹೋಗಿದ್ದರು. ಬಂದದ್ದು 6 ಪದಕ. ಪದಕ ಬರುತ್ತೆ ಅಂತ ಖಾತ್ರಿ ಇರುವ ಹತ್ತಿಪ್ಪತ್ತು ಜನರನ್ನು ಮಾತ್ರ ಕಳಿಸಿ, ಉಳಿದ ದುಡ್ಡಿನಲ್ಲಿ ತಾಲೂಕಿಗೊಂದು ಒಳ್ಳೆ ಮೈದಾನ ಮಾಡಬಾರದಾ? ಇಷ್ಟೊಂದು ಜನರನ್ನು ಆರಿಸೋದು ಯಾರು? ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಳೆ, 800 ಮೀಟರ್ ಓಡುತ್ತಾಳೆ. ಅವಳಂಥವರಿಗೆ ಈ ತಂಡದ ದಾರಿ ಎಲ್ಲಿಂದ ಶುರುವಾಗುತ್ತೆ? (ಹಾವೇರಿ ಜಿಲ್ಲೆಯ ಓದುಗರೊಬ್ಬರು)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಸ್ವಲ್ಪ ಸಿಟ್ಟಿದೆ. ಅದರ ಬೆನ್ನಿಗೇ ಮಗಳ ಮೇಲಿನ ಆಸೆಯೂ ಇದೆ. ಎರಡಕ್ಕೂ ಒಟ್ಟಿಗೇ ಉತ್ತರ ಹೇಳುತ್ತೇನೆ, ಯಾಕೆಂದರೆ ಎರಡೂ ಒಂದೇ ಪ್ರಶ್ನೆ. ನಾನು ಅಥ್ಲೆಟಿಕ್ಸ್ ಕೂಟಗಳಲ್ಲಿ ಅಧಿಕಾರಿಯಾಗಿ ಕೆಲಸ ಮಾಡುತ್ತಾ, ಮಕ್ಕಳನ್ನು ಓಡಿಸುತ್ತಾ ಬಹಳ ವರ್ಷ ಕಳೆದವನು. ಪದಕವಿಲ್ಲದೆ ವಾಪಸ್ ಬಂದವರ ಬಗ್ಗೆ "ಟೂರ್ ಹೊಡೆದು ಬಂದರು" ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತೆ.

ಮೊದಲು "ಕಳಿಸಿ" ಅನ್ನೋ ಮಾತನ್ನೇ ನೋಡೋಣ. ಒಲಿಂಪಿಕ್ಸ್‌ಗೆ ಯಾವ ದೇಶವೂ ತನಗೆ ಬೇಕಾದಷ್ಟು ಜನರನ್ನು ಕಳಿಸೋಕೆ ಆಗುವುದಿಲ್ಲ. ಅಲ್ಲಿ ಜಾಗ ಸಿಕ್ಕಿರಬೇಕು. ಅದನ್ನು ಕೋಟಾ ಅಂತ ಕರೆಯುತ್ತಾರೆ. ಹೆಸರು ಕೇಳಿದರೆ ಯಾರೋ ಹಂಚಿಕೊಟ್ಟ ಪಾಲು ಅನಿಸುತ್ತೆ. ಆದರೆ ಅದು ಬಹುಮಟ್ಟಿಗೆ ಆಡಿ ಗೆದ್ದ ಜಾಗ. ಯಾವ ಆಟಕ್ಕೆ ಜಗತ್ತಿನಿಂದ ಒಟ್ಟು ಎಷ್ಟು ಜನ ಬರಬಹುದು, ಒಂದು ದೇಶದಿಂದ ಹೆಚ್ಚೆಂದರೆ ಎಷ್ಟು ಜನ, ಯಾವ ಕೂಟದಲ್ಲಿ ಗೆದ್ದರೆ ಜಾಗ, ಎಲ್ಲವನ್ನೂ ಆಯಾ ಆಟದ ಅಂತರರಾಷ್ಟ್ರೀಯ ಫೆಡರೇಷನ್ ಮೊದಲೇ ಬರೆದಿಟ್ಟಿರುತ್ತದೆ. ಕೊನೆಯಲ್ಲಿ ಹೆಸರುಗಳನ್ನು ಅಧಿಕೃತವಾಗಿ ಸೇರಿಸುವುದು ಆ ದೇಶದ ಒಲಿಂಪಿಕ್ ಸಂಸ್ಥೆ. ನಮ್ಮಲ್ಲಿ ಅದು ಭಾರತೀಯ ಒಲಿಂಪಿಕ್ ಸಂಸ್ಥೆ. ಸರ್ಕಾರ ದುಡ್ಡು ಕೊಡುತ್ತೆ, ಕ್ಯಾಂಪ್ ನಡೆಸುತ್ತೆ, ಆದರೆ ಆ ಪಟ್ಟಿ ಸರ್ಕಾರದ್ದಲ್ಲ. ಈ ಸಂಸ್ಥೆಯ ಮೇಲೆ ಎಷ್ಟು ನಿಂತಿದೆ ಅನ್ನೋದಕ್ಕೆ ಒಂದು ಉದಾಹರಣೆ. 2012ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ನಮ್ಮ ಸಂಸ್ಥೆಯನ್ನೇ ಅಮಾನತು ಮಾಡಿತು. 2014ರ ಸೋಚಿ ಚಳಿಗಾಲದ ಕೂಟದ ಉದ್ಘಾಟನೆಯಲ್ಲಿ ನಮ್ಮ ಮೂವರು ಕ್ರೀಡಾಪಟುಗಳು ತ್ರಿವರ್ಣ ಧ್ವಜ ಹಿಡಿಯುವಂತಿರಲಿಲ್ಲ. ಒಲಿಂಪಿಕ್ ಬಾವುಟದ ಹಿಂದೆ ನಡೆದರು. ಕೂಟದ ಮಧ್ಯದಲ್ಲಿ ಅಮಾನತು ತೆರವಾದ ಮೇಲೆ ನಮ್ಮ ಧ್ವಜ ಅಲ್ಲಿ ಹಾರಿತು.

ಈಗ ನಿಮ್ಮ 117ಕ್ಕೆ ಬರೋಣ. ಅದರಲ್ಲಿ ಅಥ್ಲೆಟಿಕ್ಸ್‌ನವರು 29, ಶೂಟಿಂಗ್‌ನವರು 21, ಹಾಕಿಯವರು ಮೂವರು ಬದಲಿ ಆಟಗಾರರೂ ಸೇರಿ 19. ಅಲ್ಲಿಗೇ 69 ಆಯಿತು. ಉಳಿದ 48 ಜನ 13 ಆಟಗಳಲ್ಲಿ ಹಂಚಿಹೋಗಿದ್ದರು. ವೇಟ್‌ಲಿಫ್ಟಿಂಗ್, ಜುಡೊ, ರೋಯಿಂಗ್, ಕುದುರೆ ಸವಾರಿಯಲ್ಲಿ ಒಬ್ಬೊಬ್ಬರೇ. ಇಷ್ಟು ದೊಡ್ಡ ದೇಶದಿಂದ ವೇಟ್‌ಲಿಫ್ಟಿಂಗ್‌ಗೆ ಒಬ್ಬರೇ ಯಾಕೆ ಅಂದರೆ, ಜಾಗ ಗಿಟ್ಟಿಸಿದ್ದು ಒಬ್ಬರೇ. ಹಾಗೇ ನಮ್ಮ ಮಹಿಳಾ ಹಾಕಿ ತಂಡ. ಟೋಕಿಯೊದಲ್ಲಿ ನಾಲ್ಕನೇ ಸ್ಥಾನ ಬಂದು ಇಡೀ ದೇಶದ ಮನಸ್ಸು ಗೆದ್ದ ತಂಡ ಅದು. 2024ರ ಜನವರಿಯಲ್ಲಿ ರಾಂಚಿಯ ಅರ್ಹತಾ ಪಂದ್ಯದಲ್ಲಿ ಜಪಾನ್ ಎದುರು 0-1ರಲ್ಲಿ ಸೋತಿತು. ಅಷ್ಟೇ, ಪ್ಯಾರಿಸ್ ಬಾಗಿಲು ಮುಚ್ಚಿತು. ಯಾರ ಶಿಫಾರಸೂ ಅದನ್ನು ತೆಗೆಸೋಕೆ ಆಗಲ್ಲ.

ಕೋಟಾದಲ್ಲೂ ಎರಡು ಬಗೆ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ, ಗಲಾಟೆಗಳೆಲ್ಲ ಹುಟ್ಟೋದೂ ಇಲ್ಲೇ. ಕೆಲವು ಆಟಗಳಲ್ಲಿ ಗೆದ್ದ ಜಾಗ ದೇಶದ್ದು, ಗೆದ್ದವರದ್ದಲ್ಲ. ಶೂಟಿಂಗ್ ಹಾಗೆ. ರುದ್ರಾಂಕ್ಷ್ ಪಾಟೀಲ್ 2022ರಲ್ಲಿ 10 ಮೀಟರ್ ಏರ್ ರೈಫಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು, ದೇಶಕ್ಕೆ ಪ್ಯಾರಿಸ್ ಕೋಟಾ ತಂದುಕೊಟ್ಟರು. ಆಮೇಲೆ 2024ರಲ್ಲಿ ದೆಹಲಿ ಮತ್ತು ಭೋಪಾಲ್‌ನಲ್ಲಿ ಟ್ರಯಲ್ಸ್, ಅಂದರೆ ತಂಡದ ಆಯ್ಕೆಗೆ ಸ್ಪರ್ಧೆಗಳು, ನಡೆದವು. ಅಲ್ಲಿ ಬೇರೆಯವರು ಮುಂದೆ ಬಂದರು. ರುದ್ರಾಂಕ್ಷ್ ಹೋಗಲಿಲ್ಲ. ಕಠಿಣ ಅನಿಸುತ್ತೆ ಅಲ್ವಾ? ನನಗೂ ಅನಿಸುತ್ತೆ. ಆದರೆ ಆ ಹೊತ್ತಿಗೆ ಯಾರ ಕೈ ಸ್ಥಿರವಾಗಿದೆ ಅನ್ನೋದು ಟ್ರಯಲ್ಸ್‌ನಲ್ಲಿ ತಾನೇ ಗೊತ್ತಾಗೋದು? ಕುಸ್ತಿಯಲ್ಲೂ ಜಾಗ ದೇಶದ್ದೇ.

ಅಥ್ಲೆಟಿಕ್ಸ್‌ನ ಒಂಟಿ ಸ್ಪರ್ಧೆಗಳಲ್ಲಿ ಬೇರೆ ಲೆಕ್ಕ. ಅಲ್ಲಿ ಓಡಿದವರೇ, ಎಸೆದವರೇ ಅರ್ಹರು. ಒಂದು ದೇಶಕ್ಕೆ ಒಂದು ಸ್ಪರ್ಧೆಯಲ್ಲಿ ಹೆಚ್ಚೆಂದರೆ ಮೂವರು. ಒಳಗೆ ಹೋಗೋಕೆ ಎರಡು ದಾರಿ. ಒಂದು, ನಿಗದಿ ಮಾಡಿದ ಅರ್ಹತಾ ಸಮಯ ಅಥವಾ ದೂರ ಮುಟ್ಟಬೇಕು. ಪುರುಷರ ಜಾವೆಲಿನ್‌ಗೆ ಪ್ಯಾರಿಸ್‌ನಲ್ಲಿ ಅದು 85.50 ಮೀಟರ್. ಇನ್ನೊಂದು, ವಿಶ್ವ ರ‍್ಯಾಂಕಿಂಗ್. ಒಳ್ಳೊಳ್ಳೆ ಕೂಟಗಳಲ್ಲಿ ಓಡಿ, ಸಮಯಕ್ಕೂ ಸ್ಥಾನಕ್ಕೂ ಅಂಕ ಕೂಡಿಸಿಕೊಂಡು, ಕೊನೆಯ ದಿನ ಪಟ್ಟಿಯ ಗೆರೆಯೊಳಗೆ ಇರಬೇಕು. ಕೊನೆಯ ದಿನ ಅಂದರೆ ಕೊನೆಯ ದಿನವೇ. ನೀರಜ್ ಚೋಪ್ರಾ 2016ರ ಜುಲೈ 23ರಂದು ಪೋಲೆಂಡ್‌ನಲ್ಲಿ 86.48 ಮೀಟರ್ ಎಸೆದು 20ರೊಳಗಿನವರ ವಿಶ್ವ ದಾಖಲೆ ಮಾಡಿದರು. ರಿಯೊ ಒಲಿಂಪಿಕ್ಸ್‌ಗೆ ಬೇಕಿದ್ದದ್ದು 83 ಮೀಟರ್. ಆದರೆ ಗಡುವು ಜುಲೈ 11ಕ್ಕೇ ಮುಗಿದಿತ್ತು. ಮೂರೂವರೆ ಮೀಟರ್ ಜಾಸ್ತಿ ಎಸೆದ ಹುಡುಗ ಆ ಸಲ ಮನೆಯಲ್ಲೇ ಉಳಿದ.

ರಿಲೇ ತಂಡಗಳ ಕತೆ ಇನ್ನೂ ರೋಚಕ. ಪ್ಯಾರಿಸ್‌ಗೆ 16 ತಂಡಗಳಷ್ಟೇ. ಅದರಲ್ಲಿ 14 ಜಾಗ ತೀರ್ಮಾನವಾದದ್ದು 2024ರ ಮೇ ತಿಂಗಳಲ್ಲಿ ಬಹಾಮಾಸ್‌ನ ನಸ್ಸಾವು ಊರಿನಲ್ಲಿ. ಮೊದಲ ದಿನ ನಮ್ಮ ಪುರುಷರ 4x400 ತಂಡದ ಓಟಗಾರರೊಬ್ಬರಿಗೆ ಸ್ನಾಯು ಸೆಳೆತ ಬಂದು ಓಟವೇ ಮುಗಿಯಲಿಲ್ಲ. ಎರಡನೇ ದಿನ ಮತ್ತೊಂದು ಅವಕಾಶ. ಅವತ್ತು ಪುರುಷರೂ ಮಹಿಳೆಯರೂ ತಮ್ಮ ತಮ್ಮ ಓಟದಲ್ಲಿ ಎರಡನೆಯವರಾಗಿ ಜಾಗ ಗಿಟ್ಟಿಸಿದರು. ಆ ಮಹಿಳಾ ತಂಡದಲ್ಲಿ ನಮ್ಮ ಮಂಗಳೂರಿನ ಎಂ.ಆರ್. ಪೂವಮ್ಮ ಓಡಿದ್ದರು. ಇವರನ್ನೆಲ್ಲ ಯಾರೋ "ಕಳಿಸಿದರು" ಅಂತ ಹೇಳೋಕೆ ನನಗೆ ಮನಸ್ಸು ಬರಲ್ಲ.

ಇನ್ನೊಂದು ಸಣ್ಣ ಬಾಗಿಲೂ ಇದೆ. ಈಜಿನಲ್ಲಿ ನೇರ ಅರ್ಹತಾ ಸಮಯ ಯಾರೂ ಮುಟ್ಟದ ದೇಶಕ್ಕೆ ಒಬ್ಬ ಗಂಡು, ಒಬ್ಬ ಹೆಣ್ಣು ಈಜುಗಾರರ ಜಾಗ ಕೊಡುತ್ತಾರೆ. ಎಲ್ಲ ದೇಶವೂ ನೀರಿಗಿಳಿಯಲಿ ಅನ್ನೋ ಉದ್ದೇಶ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಮತ್ತು ಧಿನಿಧಿ ದೇಸಿಂಗು ಆ ಬಾಗಿಲಿನಿಂದ ಹೋದರು. ಧಿನಿಧಿಗೆ ಆಗ 14 ವರ್ಷ, ಇಡೀ ತಂಡಕ್ಕೇ ಕಿರಿಯಳು. 200 ಮೀಟರ್ ಫ್ರೀಸ್ಟೈಲ್‌ನಲ್ಲಿ ತನ್ನ ಹೀಟ್‌ನಲ್ಲಿ (ಮೊದಲ ಸುತ್ತಿನ ಗುಂಪಿನಲ್ಲಿ) ಮೊದಲು ಗೋಡೆ ಮುಟ್ಟಿದಳು, ಒಟ್ಟಾರೆ 23ನೆಯವಳಾದಳು. ನಿಮ್ಮ ಲೆಕ್ಕದ ಪ್ರಕಾರ ಈ ಹುಡುಗಿ ಹೋಗಬಾರದಿತ್ತು. ನನಗೇನೋ ಅವಳು ಹೋದದ್ದೇ ಸರಿ ಅನಿಸುತ್ತೆ. ಯಾಕೆ ಅಂತ ಈಗ ಹೇಳುತ್ತೇನೆ.

"ಪದಕ ಖಾತ್ರಿ ಇರುವವರು" ಅಂತ ಬರೆದಿದ್ದೀರಿ. ಹಾಗೆ ಒಂದು ಪಟ್ಟಿ ಮಾಡೋಕೆ ಹೊರಟರೆ ಏನಾಗುತ್ತೆ ನೋಡಿ. ರಿಯೊಗೆ ನಮ್ಮ 12 ಶೂಟರ್‌ಗಳು ಹೋದರು, ಪದಕ ಸೊನ್ನೆ. ಟೋಕಿಯೊಗೆ 15 ಜನ ಹೋದರು, ಮತ್ತೆ ಸೊನ್ನೆ. ಎರಡು ಒಲಿಂಪಿಕ್ಸ್, 27 ಜಾಗ, ಕೈಗೆ ಏನೂ ಬರಲಿಲ್ಲ. ಆಗ ಯಾರಾದರೂ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದರೆ ಮೊದಲು ಕತ್ತರಿ ಬೀಳುತ್ತಿದ್ದದ್ದು ಶೂಟಿಂಗ್‌ಗೆ. ಪ್ಯಾರಿಸ್‌ಗೆ 21 ಶೂಟರ್‌ಗಳು ಹೋದರು. ನಮ್ಮ 6 ಪದಕಗಳಲ್ಲಿ 3 ಅವರದ್ದೇ.

ಆ ಮೂರರಲ್ಲಿ ಎರಡು ಮನು ಭಾಕರ್ ಅವರದ್ದು. ಟೋಕಿಯೊದಲ್ಲಿ ಅವರಿಗೆ 19 ವರ್ಷ. 10 ಮೀಟರ್ ಪಿಸ್ತೂಲಿನ ಅರ್ಹತಾ ಸುತ್ತು ನಡೆಯುತ್ತಿದ್ದಾಗ ಪಿಸ್ತೂಲು ಕೈಕೊಟ್ಟಿತು. ಲಿವರ್ ಮುರಿದಿತ್ತು. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ರೇಂಜ್ ಬಿಟ್ಟು ಹೋಗಿ, ರಿಪೇರಿ ಮಾಡಿಸಿಕೊಂಡು ಬಂದು, ಉಳಿದ ಗುಂಡುಗಳನ್ನು ಅವಸರದಲ್ಲಿ ಹೊಡೆಯಬೇಕಾಯಿತು. 12ನೇ ಸ್ಥಾನ ಬಂತು. ಫೈನಲ್‌ಗೆ ಎಂಟೇ ಜನ. ಆ ವರ್ಷದ ನಿಮ್ಮ "ಉಳಿದವರು" ಪಟ್ಟಿಯಲ್ಲಿ ಈ ಹುಡುಗಿಯೂ ಇದ್ದಳು. ಮೂರು ವರ್ಷದ ನಂತರ ಅದೇ ಸ್ಪರ್ಧೆಯಲ್ಲಿ ಕಂಚು, ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು. 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೇ ಸ್ಥಾನ. ಟೋಕಿಯೊದ ಆ ಕೆಟ್ಟ ಬೆಳಗನ್ನು ದಾಟದೆ ಪ್ಯಾರಿಸ್‌ನ ಕಂಚು ಬರುತ್ತಿತ್ತಾ? ನಾನಂತೂ ಹಾಗೆ ನಂಬಲ್ಲ.

ಅವಿನಾಶ್ ಸಾಬ್ಳೆ ಹೆಸರು ಕೇಳಿರುತ್ತೀರಿ. 3000 ಮೀಟರ್ ಸ್ಟೀಪಲ್‌ಚೇಸ್, ಅಂದರೆ ಅಡ್ಡಗಟ್ಟೆ, ನೀರಿನ ಗುಂಡಿ ಹಾರುತ್ತಾ ಓಡುವ ಓಟ. ಟೋಕಿಯೊದಲ್ಲಿ 8 ನಿಮಿಷ 18.12 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದರೂ ಫೈನಲ್‌ಗೆ ಹೋಗಲಿಲ್ಲ. ಪ್ಯಾರಿಸ್‌ನಲ್ಲಿ ಫೈನಲ್ ಮುಟ್ಟಿದರು. ಈ ಸ್ಪರ್ಧೆಯಲ್ಲಿ ಒಲಿಂಪಿಕ್ ಫೈನಲ್ ಓಡಿದ ಮೊದಲ ಭಾರತೀಯ ಪುರುಷ. ಅಲ್ಲಿ 11ನೆಯವರಾದರು. ಪದಕದ ಪಟ್ಟಿಯಲ್ಲಿ ಇದಕ್ಕೆ ಜಾಗ ಇಲ್ಲ. ಓಟ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು.

ಇನ್ನು ನಾಲ್ಕನೇ ಸ್ಥಾನಗಳು. ಪ್ಯಾರಿಸ್‌ನಲ್ಲಿ ನಮಗೆ 6 ಪದಕ ಬಂದ ಹಾಗೇ 6 ನಾಲ್ಕನೇ ಸ್ಥಾನವೂ ಬಂದವು. ಮನು ಅವರದ್ದು ಆಗಲೇ ಹೇಳಿದೆ. ಬ್ಯಾಡ್ಮಿಂಟನ್‌ನಲ್ಲಿ ಲಕ್ಷ್ಯ ಸೇನ್ ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ ಗೆದ್ದು ಸೋತರು. ಅರ್ಜುನ್ ಬಬುತಾ 10 ಮೀಟರ್ ರೈಫಲ್‌ನಲ್ಲಿ. ಸ್ಕೀಟ್ (ಹಾರುವ ತಟ್ಟೆಗೆ ಗುಂಡು ಹೊಡೆಯುವ ಸ್ಪರ್ಧೆ) ಮಿಶ್ರ ತಂಡ ಚೀನಾ ಎದುರು 43-44ರಲ್ಲಿ, ಅಂದರೆ ಒಂದೇ ಒಂದು ತಟ್ಟೆ ತಪ್ಪಿ ಕಂಚು ಕಳೆದುಕೊಂಡಿತು. ಬಿಲ್ಲುಗಾರಿಕೆಯ ಮಿಶ್ರ ತಂಡವೂ ನಾಲ್ಕನೇ ಸ್ಥಾನಕ್ಕೇ ನಿಂತಿತು.

ಮೀರಾಬಾಯಿ ಚಾನು ಅವರದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೇಟ್‌ಲಿಫ್ಟಿಂಗ್, 49 ಕೆಜಿ ವಿಭಾಗ. ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲಕ್ಕೆ) 88 ಕೆಜಿ ಎತ್ತಿದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲಕ್ಕೆ) 111 ಕೆಜಿ. ಒಟ್ಟು 199. ಕಂಚು ಗೆದ್ದ ಥಾಯ್ಲೆಂಡ್‌ನ ಹುಡುಗಿಯ ಒಟ್ಟು 200. ಕೊನೆಯ ಅವಕಾಶಕ್ಕೆ ಮೀರಾಬಾಯಿ ಬಾರ್ ಮೇಲೆ 114 ಹಾಕಿಸಿದರು. ಅದು ಬಂದಿದ್ದರೆ ಒಟ್ಟು 202, ಟೋಕಿಯೊದಲ್ಲಿ ಬೆಳ್ಳಿ ತಂದುಕೊಟ್ಟ ಅದೇ ತೂಕ. ಬರಲಿಲ್ಲ. ಒಂದು ಕೆಜಿ. ಅಂಗಡಿಯಿಂದ ಒಂದು ಕೆಜಿ ಸಕ್ಕರೆ ಪೊಟ್ಟಣ ತಂದು ಕೈಯಲ್ಲಿ ಹಿಡಿದು ನೋಡಿ. ಅಷ್ಟೇ ಅಂತರ.

ವಿನೇಶ್ ಫೋಗಟ್ ಅವರದ್ದಂತೂ ಕೆಜಿಯಲ್ಲಿ ಹೇಳುವ ಮಾತೇ ಅಲ್ಲ. 50 ಕೆಜಿ ಕುಸ್ತಿ. ಮೊದಲ ದಿನ ಮೂರು ಪಂದ್ಯ ಗೆದ್ದರು. ಮೊದಲನೆಯದರಲ್ಲೇ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದರು. ಸುಸಾಕಿ ಅಲ್ಲಿಯವರೆಗೆ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಸೋತೇ ಇರಲಿಲ್ಲ. ಮಾರನೇ ದಿನ ಫೈನಲ್. ಕುಸ್ತಿಯಲ್ಲಿ ಎರಡೂ ದಿನ ಬೆಳಗ್ಗೆ ತೂಕ ಹಾಕುತ್ತಾರೆ. ರಾತ್ರಿಯಿಡೀ ಬೆವರು ಇಳಿಸಿದರು, ಕೂದಲೂ ಕತ್ತರಿಸಿದರು. ಬೆಳಗ್ಗೆ ತಕ್ಕಡಿ 100 ಗ್ರಾಂ ಜಾಸ್ತಿ ತೋರಿಸಿತು. ಆಗ ನಿಯಮ ಹೇಗಿತ್ತೆಂದರೆ, ಎರಡನೇ ದಿನ ತೂಕ ತಪ್ಪಿದರೆ ಮೊದಲ ದಿನದ ಗೆಲುವೂ ಹೋಯಿತು. ಕೊನೆಯ ಸ್ಥಾನಕ್ಕೆ ಇಳಿಸುತ್ತಿದ್ದರು. ಅದೇ ತಂಡದ ಅಮನ್ ಸೆಹ್ರಾವತ್ ಕಂಚಿನ ಪಂದ್ಯಕ್ಕೆ ಮುಂಚೆ ರಾತ್ರೋರಾತ್ರಿ ಸುಮಾರು ನಾಲ್ಕೂವರೆ ಕೆಜಿ ಇಳಿಸಿ ತೂಕ ಹೊಂದಿಸಿಕೊಂಡರು. ಪ್ಯಾರಿಸ್‌ನಲ್ಲಿ ಆಡಿದ ನಮ್ಮ ಒಬ್ಬನೇ ಒಬ್ಬ ಗಂಡು ಕುಸ್ತಿಪಟು ಅವರು. ಗೆದ್ದರು. ಒಬ್ಬರು ಪದಕದ ಪಟ್ಟಿಯಲ್ಲಿ, ಇನ್ನೊಬ್ಬರು "ಉಳಿದವರು". ಇಬ್ಬರೂ ಪಟ್ಟ ಕಷ್ಟ ಒಂದೇ.

ನೀರಜ್ ಅವರ ಬೆಳ್ಳಿಯೂ ಕೂದಲೆಳೆಯಲ್ಲೇ ಬಂದದ್ದು. ಫೈನಲ್‌ನಲ್ಲಿ ಆರು ಎಸೆತ. ಐದು ಫೌಲ್. ಎರಡನೆಯದೊಂದೇ ಲೆಕ್ಕಕ್ಕೆ ಸಿಕ್ಕಿತು, 89.45 ಮೀಟರ್. ಆ ಒಂದೂ ಗೆರೆ ದಾಟಿದ್ದರೆ ನಮ್ಮ ಅತ್ಯಂತ "ಖಾತ್ರಿ" ಹೆಸರೂ ಬರಿಗೈಯಲ್ಲಿ ಬರುತ್ತಿತ್ತು. ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೊಗೆ ಹೋದಾಗ ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯವರು. ಯಾವ ಖಾತ್ರಿ ಪಟ್ಟಿಯಲ್ಲೂ ಅವರ ಹೆಸರು ಬರುತ್ತಿರಲಿಲ್ಲ. ನಾಲ್ಕು ದಿನದ ಗಾಲ್ಫ್ ಮುಗಿದಾಗ, ಬೆಳ್ಳಿ-ಕಂಚಿಗಾಗಿ ಪ್ಲೇಆಫ್ ಆಡಿದ ಇಬ್ಬರಿಗಿಂತ ಒಂದೇ ಒಂದು ಹೊಡೆತ ಹಿಂದಿದ್ದರು.

ಇದೆಲ್ಲ ಹೊಸದಲ್ಲ. ನಮ್ಮ ದೇಶದಿಂದ ಒಂದು ತಂಡ ಅಂತ ಮೊದಲು ಹೋದದ್ದು 1920ರಲ್ಲಿ, ಬೆಲ್ಜಿಯಂನ ಆಂಟ್‌ವರ್ಪ್‌ಗೆ. ಪುಣೆಯ ಕೂಟವೊಂದರಲ್ಲಿ ರೈತಾಪಿ ಜನ ಓಡುವುದನ್ನು ನೋಡಿದ ದೊರಾಬ್ಜಿ ಟಾಟಾ ಮುಂದೆ ನಿಂತು, ದುಡ್ಡೂ ಹಾಕಿ ಅವರನ್ನು ಕಳಿಸಿದರು. ಬೆರಳೆಣಿಕೆಯ ಓಟಗಾರರು, ಇಬ್ಬರು ಕುಸ್ತಿಪಟುಗಳು. ಆ ಓಟಗಾರರಲ್ಲಿ ಒಬ್ಬರು ನಿಮ್ಮ ಕಡೆಯವರು, ಬೆಳಗಾವಿಯ ಫಡೆಪ್ಪ ಚೌಗುಲೆ. ಮ್ಯಾರಥಾನ್ ಓಡಿ 19ನೆಯವರಾದರು. ಆ ತಂಡಕ್ಕೆ ಒಂದೂ ಪದಕ ಬರಲಿಲ್ಲ. ಆದರೆ ಆ ಪ್ರಯಾಣದಿಂದ ಶುರುವಾದ ಕೆಲಸವೇ ಬೆಳೆದು 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. ದೊರಾಬ್ಜಿಯವರೇ ಮೊದಲ ಅಧ್ಯಕ್ಷರು. ಮರುವರ್ಷ ಆಮ್‌ಸ್ಟರ್‌ಡ್ಯಾಂನಲ್ಲಿ ಹಾಕಿ ಚಿನ್ನ ಬಂತು.

ದುಡ್ಡಿನ ವಿಷಯ. ಪ್ಯಾರಿಸ್‌ಗಾಗಿ ಮೂರು ವರ್ಷದ ತಯಾರಿಗೆ ಸರ್ಕಾರ ಖರ್ಚು ಮಾಡಿದ್ದು ಸುಮಾರು 470 ಕೋಟಿ ರೂಪಾಯಿ, 16 ಆಟಗಳಿಗೆ. ಅದರಲ್ಲಿ ಅಥ್ಲೆಟಿಕ್ಸ್‌ಗೇ 96 ಕೋಟಿ. ವಿದೇಶದ ತರಬೇತಿ, ಕೋಚ್‌ಗಳ ಸಂಬಳ, ಸಾಮಾನು, ಕ್ಯಾಂಪ್ ಎಲ್ಲ ಅದರೊಳಗೆ. ಈ ದುಡ್ಡು ಖರ್ಚಾಗುವುದು ಕೂಟಕ್ಕೆ ಮುಂಚೆ. ಕೂಟ ಶುರುವಾದ ಮೇಲೆ ಒಲಿಂಪಿಕ್ ಗ್ರಾಮದಲ್ಲಿ ಕ್ರೀಡಾಪಟುಗಳ ಊಟ, ವಸತಿಯ ಖರ್ಚು ಸಂಘಟಕರದ್ದೇ. ಹಾಗಾಗಿ ಜಾಗ ಗಿಟ್ಟಿಸಿದ ಹುಡುಗಿಯನ್ನು ಕೊನೇ ಗಳಿಗೆಯಲ್ಲಿ "ನಿನಗೆ ಪದಕ ಬರಲ್ಲ, ಬೇಡ" ಅಂತ ತಡೆದರೆ ಉಳಿಯೋದು ಹೆಚ್ಚುಕಡಿಮೆ ಒಂದು ವಿಮಾನದ ಟಿಕೆಟ್. ಆ ದುಡ್ಡಿನಲ್ಲಿ ತಾಲೂಕು ಮೈದಾನ ಆಗಲ್ಲ.

ಆದರೂ ನಿಮ್ಮ ಸಿಟ್ಟಿಗೆ ಕಾರಣ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಪ್ಯಾರಿಸ್‌ಗೆ ಕ್ರೀಡಾಪಟುಗಳ ಜೊತೆ 140 ಜನ ಸಹಾಯಕ ಸಿಬ್ಬಂದಿ, ಅಧಿಕಾರಿಗಳು ಹೋದರು. ಗ್ರಾಮದೊಳಗೆ ಉಳಿಯೋಕೆ ಅವಕಾಶ ಇದ್ದದ್ದು 67 ಜನರಿಗೆ. ಇದರಲ್ಲಿ ಕೋಚ್, ಫಿಸಿಯೊ, ವೈದ್ಯರು ಬೇಕೇ ಬೇಕು. ಒಬ್ಬ ಶೂಟರ್‌ಗೆ ತನ್ನ ಕೋಚ್ ಹತ್ತಿರ ಇದ್ದರೆ ಎಷ್ಟು ಧೈರ್ಯ ಅನ್ನೋದು ನಾನು ಹೇಳಬೇಕಾಗಿಲ್ಲ. ಪ್ರಶ್ನೆ ಕೇಳಬೇಕಾದದ್ದು ಪ್ರತಿ ಹೆಸರಿನ ಎದುರು: ಈ ವ್ಯಕ್ತಿಯ ಕೆಲಸ ಏನು, ಯಾವ ಕ್ರೀಡಾಪಟುವಿಗಾಗಿ? ಈ ಪ್ರಶ್ನೆಯನ್ನು ನೀವು, ನಾನು ಜೋರಾಗಿ ಕೇಳಬಹುದು. ಓಡುವವರ ಮೇಲೆ ಮಾತ್ರ ಅದನ್ನು ಎತ್ತಬೇಡಿ.

ಏಷ್ಯನ್ ಗೇಮ್ಸ್‌ನಲ್ಲಿ ಚಿತ್ರ ಬೇರೆ. ಅಲ್ಲಿ ಬಹಳ ಆಟಗಳಿಗೆ ಒಲಿಂಪಿಕ್ಸ್‌ನಷ್ಟು ಬಿಗಿಯಾದ ಅರ್ಹತೆ ಇಲ್ಲ. ದೇಶವೇ ತೀರ್ಮಾನ ಮಾಡಬೇಕು. ಹಾಗಾಗಿ ನಮ್ಮ ಕ್ರೀಡಾ ಸಚಿವಾಲಯ ತನ್ನದೇ ಮಾನದಂಡ ಇಟ್ಟುಕೊಂಡಿದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಮುಂಚೆ, ತಂಡದ ಆಟವಾದರೆ ಏಷ್ಯಾದಲ್ಲಿ ಮೊದಲ 8ರೊಳಗೆ ಇರಬೇಕು ಅಂದರು. ಫುಟ್‌ಬಾಲ್ ತಂಡ ಅದರೊಳಗೆ ಬರಲಿಲ್ಲ. ಬಹಳ ಚರ್ಚೆಯಾಗಿ, ಕೊನೆಗೆ ನಿಯಮ ಸಡಿಲಿಸಿ ಕಳಿಸಿದರು. ಯಾರನ್ನು, ಯಾಕೆ ಅಂತ ನೀವು ಕೇಳುವ ಪ್ರಶ್ನೆಗೆ ಅಲ್ಲಿ ಪೂರ್ತಿ ಜಾಗ ಇದೆ. ಆ ಕೂಟದಿಂದ ನಮಗೆ 28 ಚಿನ್ನ ಸೇರಿ 107 ಪದಕ ಬಂದವು, ಮೊದಲ ಸಲ ನೂರು ದಾಟಿದೆವು.

ಈಗ ನಿಮ್ಮ ಮಗಳ ವಿಷಯ. ಇದನ್ನೇ ಮೊದಲು ಬರೆಯಬೇಕಿತ್ತೇನೋ.

ಪ್ಯಾರಿಸ್‌ಗೆ ಮಹಿಳೆಯರ 800 ಮೀಟರ್ ಅರ್ಹತಾ ಸಮಯ 1 ನಿಮಿಷ 59.30 ಸೆಕೆಂಡ್. ಟಿಂಟು ಲೂಕಾ 2010ರಲ್ಲಿ ಮಾಡಿದ ರಾಷ್ಟ್ರೀಯ ದಾಖಲೆ 1 ನಿಮಿಷ 59.17. ಅಂದರೆ ಒಲಿಂಪಿಕ್ಸ್‌ಗೆ ನೇರವಾಗಿ ಹೋಗಬೇಕಾದರೆ ಸರಿಸುಮಾರು ರಾಷ್ಟ್ರೀಯ ದಾಖಲೆಯಷ್ಟೇ ಓಡಬೇಕು. ಇದನ್ನು ನಿಮ್ಮನ್ನು ಹೆದರಿಸೋಕೆ ಹೇಳುತ್ತಿಲ್ಲ. ಟಿಂಟು ಅವರನ್ನು ತಯಾರು ಮಾಡಿದವರು ಪಿ.ಟಿ. ಉಷಾ. ಉಷಾ 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಕಂಚು ಕಳೆದುಕೊಂಡವರು. ಹಾಗೆ ಪದಕವಿಲ್ಲದೆ ಬಂದ ಒಬ್ಬರಿಂದಲೇ ಕೇರಳದ ಹಳ್ಳಿಯ ಇನ್ನೊಬ್ಬ ಹುಡುಗಿಗೆ ಓಟ ಬಂತು, ಲಂಡನ್ ಒಲಿಂಪಿಕ್ಸ್‌ನ ಸೆಮಿಫೈನಲ್‌ವರೆಗೆ. ಧಿನಿಧಿ ಹೋದದ್ದು ಸರಿ ಅಂತ ನಾನು ಅಂದದ್ದು ಇದಕ್ಕೇ.

ನಿಮ್ಮ ಮಗಳ ದಾರಿ ಎರಡು ಕಡೆಯಿಂದ ಹೋಗುತ್ತೆ. ಒಂದು ಶಾಲೆಯ ಕ್ರೀಡಾಕೂಟ, ತಾಲೂಕಿನಿಂದ ಜಿಲ್ಲೆ, ರಾಜ್ಯ, ರಾಷ್ಟ್ರಮಟ್ಟ. ಅದು ನಿಮಗೆ ಗೊತ್ತಿರುತ್ತೆ. ಇನ್ನೊಂದು ಅಥ್ಲೆಟಿಕ್ಸ್ ಸಂಸ್ಥೆಯ ದಾರಿ, ಇದನ್ನು ಬಹಳ ಪಾಲಕರು ಬಿಟ್ಟುಬಿಡುತ್ತಾರೆ. ಜಿಲ್ಲಾ ಅಥ್ಲೆಟಿಕ್ಸ್ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ. ಅಂತರ ಜಿಲ್ಲಾ ಜೂನಿಯರ್ ಕೂಟ, ರಾಜ್ಯ ಜೂನಿಯರ್, ಆಮೇಲೆ ರಾಷ್ಟ್ರೀಯ ಜೂನಿಯರ್. ಮುಂದೆ ಆಯ್ಕೆಗಾರರು ನೋಡೋದು ಇಲ್ಲಿನ ಸಮಯಗಳನ್ನು. ಹುಟ್ಟಿದ ದಿನಾಂಕ ಇದ್ದದ್ದು ಇದ್ದ ಹಾಗೇ ಕೊಡಿ. ವಯಸ್ಸು ಇಳಿಸಿ ಗೆದ್ದ ಮಕ್ಕಳು ದೊಡ್ಡವರ ಓಟಕ್ಕೆ ಬಂದ ಮೇಲೆ ಕಾಣೆಯಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಗೇ ಜಿಮ್‌ನವರು, ಅಂಗಡಿಯವರು ಕೊಡುವ ಪುಡಿ, ಮಾತ್ರೆ ಯಾವುದೂ ಬೇಡ. ಪರೀಕ್ಷೆಯಲ್ಲಿ ಏನಾದರೂ ಸಿಕ್ಕರೆ "ಗೊತ್ತಿರಲಿಲ್ಲ" ಅಂದರೂ ಹೊಣೆ ಓಡುವವರದ್ದೇ.

ಇನ್ನೊಂದು ಸಂಗತಿಯನ್ನು ಈಗಿನಿಂದಲೇ ರೂಢಿ ಮಾಡಿಸಿ: ಕಾಲ್ ರೂಮ್. ದೊಡ್ಡ ಕೂಟಗಳಲ್ಲಿ ಓಟಕ್ಕೆ ಮುಂಚೆ ಎಲ್ಲರೂ ಒಂದು ಕೋಣೆಯಲ್ಲಿ ಹಾಜರಾಗಬೇಕು. ಕೋಚ್, ಅಪ್ಪ, ಅಮ್ಮ ಯಾರಿಗೂ ಒಳಗೆ ಪ್ರವೇಶ ಇಲ್ಲ. ಅಧಿಕಾರಿ ಬಿಬ್ (ಎದೆಯ ಮೇಲಿನ ನಂಬರ್ ಚೀಟಿ) ನೋಡುತ್ತಾರೆ. ಶೂ ತಿರುಗಿಸಿ ಮುಳ್ಳುಗಳನ್ನು ಎಣಿಸುತ್ತಾರೆ, 11ಕ್ಕಿಂತ ಜಾಸ್ತಿ ಇರಬಾರದು. ಸಿಂಥೆಟಿಕ್ ಟ್ರ್ಯಾಕ್ ಆದರೆ ಓಟದ ಮುಳ್ಳು 9 ಮಿಲಿಮೀಟರ್ ದಾಟಬಾರದು. ಬ್ಯಾಗ್‌ನಿಂದ ಮೊಬೈಲ್ ತೆಗೆಸುತ್ತಾರೆ. ಆಮೇಲೆ ಲೇನ್ ಪ್ರಕಾರ ಬೆಂಚಿನ ಮೇಲೆ ಕೂರಿಸುತ್ತಾರೆ. ಪಕ್ಕದಲ್ಲೇ ಎದುರಾಳಿ. ಯಾರೂ ಮಾತಾಡಲ್ಲ. ಶೂ ಲೇಸ್ ಬಿಗಿ ಮಾಡುವುದು, ಬಿಚ್ಚುವುದು, ಮತ್ತೆ ಬಿಗಿ ಮಾಡುವುದು, ಅಷ್ಟೇ ಸದ್ದು. ಬಹಳ ಮಕ್ಕಳು ಓಟ ಸೋಲುವುದು ಆ ಬೆಂಚಿನ ಮೇಲೆ.

ಒಂದು ರಾಜ್ಯ ಮಟ್ಟದ ಕೂಟದಲ್ಲಿ ನಾನು ತರಬೇತಿ ಕೊಟ್ಟ ಹುಡುಗಿಯೊಬ್ಬಳಿಗೆ 800ರ ಕಾಲ್ ಕೇಳಿಸಲಿಲ್ಲ. ಮೈಕ್ ಆ ಕಡೆ ಇತ್ತು, ಅವಳು ಈ ಕಡೆ ಮರದ ಕೆಳಗೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಓಟ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಅನ್ನೋದನ್ನು ಸಂಘಟಕರು ಬೋರ್ಡ್ ಮೇಲೆ ಬರೆದೇ ಇರಲಿಲ್ಲ. ಓಡಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಕೈಯಲ್ಲಿ ಶೂ ಹಿಡಿದು ನಿಂತು ತನ್ನ ಓಟವನ್ನೇ ಬೇಲಿಯ ಹೊರಗಿನಿಂದ ನೋಡಿದಳು. ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿನ ಎದುರು "ಓಟಕ್ಕೆ ಬರಲಿಲ್ಲ" ಅಂತ ಬಿತ್ತು. ಬಂದಿದ್ದಳು ಅನ್ನೋದು ನಮಗಿಬ್ಬರಿಗೆ ಮಾತ್ರ ಗೊತ್ತು. ಅವತ್ತಿನಿಂದ ನನ್ನ ಮಕ್ಕಳಿಗೆ ಹೇಳುವುದು ಒಂದೇ: ಕಾಲ್ ರೂಮ್ ಎಲ್ಲಿದೆ ಅಂತ ಬೆಳಗ್ಗೆಯೇ ಹೋಗಿ ನೋಡಿ, ಬಾಗಿಲಲ್ಲಿ ಕೂತಿರುವವರನ್ನು ಸಮಯ ಕೇಳಿ ಬನ್ನಿ.

ತಾಲೂಕಿಗೊಂದು ಒಳ್ಳೆ ಮೈದಾನ ಬೇಕು ಅನ್ನೋ ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅದನ್ನು ಜಿಲ್ಲಾಡಳಿತಕ್ಕೆ, ಶಾಸಕರಿಗೆ ಬರೆಯಿರಿ. ಪದೇ ಪದೇ ಬರೆಯಿರಿ. ಆದರೆ ಪ್ಯಾರಿಸ್‌ಗೆ ಹೋದವರ ಪಾಲನ್ನು ಕಿತ್ತು ಕೊಡಿ ಅಂತ ಕೇಳಬೇಡಿ. ನಿಮ್ಮ ಮಗಳು ನಾಳೆ ಆ ಪಾಲಿಗೇ ಓಡುತ್ತಿರುತ್ತಾಳೆ.

ಮುಂದಿನ ಕೂಟದಲ್ಲಿ ಒಂದು ಕೆಲಸ ಮಾಡಿ. ಸ್ಟಾಪ್‌ವಾಚ್ ತೆಗೆದುಕೊಂಡು ಮುಕ್ತಾಯದ ಗೆರೆಯ ಹತ್ತಿರ ನಿಲ್ಲಿ. 400 ಮೀಟರ್ ಟ್ರ್ಯಾಕ್ ಆದರೆ ಅವಳು ಮೊದಲ ಸುತ್ತು ಮುಗಿಸಿದಾಗ ಎಷ್ಟು, ಎರಡನೆಯದು ಮುಗಿದಾಗ ಎಷ್ಟು ಅಂತ ಬರೆದುಕೊಳ್ಳಿ. 200 ಮೀಟರ್ ಮಣ್ಣಿನ ಟ್ರ್ಯಾಕ್ ಆದರೆ ನಾಲ್ಕೂ ಸುತ್ತಿನದ್ದು. ಜೊತೆಗೆ ಅವಳ ವಯಸ್ಸು, ವಾರಕ್ಕೆ ಎಷ್ಟು ದಿನ ಓಡುತ್ತಾಳೆ ಅನ್ನೋದನ್ನೂ ಸೇರಿಸಿ ನನಗೆ ಕಳಿಸಿ. ಮೊದಲ ಸುತ್ತು ತೀರಾ ಜೋರಾಗಿ ಹೋಗುತ್ತಿದ್ದಾಳಾ ಅನ್ನೋದನ್ನು ಆಮೇಲೆ ಕೂತು ನೋಡೋಣ.